ಕೂಲಿಯಿಲ್ಲದ ಕಾವಲು

ಭಾನುವಾರ ಬೆಳಗಿನ ಐದೂವರೆ ಗಂಟೆಗೆ ಹಲಸೂರಿನ ಬಳಿ ಹಳೆಯ ಮದರಾಸು ರಸ್ತೆಯ ಅಂಚಿನಲ್ಲಿ ನಿಂತು ನೋಡುವ ಪ್ರಸಂಗ ವಾಚಕರಿಗೆ ಎಂದಾದರೂ ಒದಗಿದರೆ, ಒಂದು ವಿಚಿತ್ರ ಮೆರವಣಿಗೆ ಅವರ ಕಣ್ಣಿಗೆ ಬೀಳದಿರದು. ಹಾಲಿನ ವ್ಯಾನುಗಳು, ಪತ್ರಿಕೆ ಹಂಚುವ ಹುಡುಗರು, ಹೂವಿನ ಮೂಟೆ ಹೊತ್ತ ಆಟೋಗಳು, ಇವುಗಳ ನಡುವೆ ತಲೆಗೆ ಹೆಲ್ಮೆಟ್ಟು ಧರಿಸಿ, ಬೆನ್ನ ಹಿಂದೆ ಕೆಂಪು ದೀಪ ಮಿನುಗಿಸುತ್ತ, ಇಬ್ಬರು ಮೂವರಾಗಿ ಸೈಕಲ್ ಸವಾರರು ಪೂರ್ವಾಭಿಮುಖವಾಗಿ ಸಾಗುತ್ತಿರುತ್ತಾರೆ. ಮೆಟ್ರೋ ರೈಲಿಗೂ ಭಾನುವಾರ ಏಳು ಗಂಟೆಯವರೆಗೆ ನಿದ್ರೆ. ಇವರಿಗೆ ಮಾತ್ರ ಅದಿಲ್ಲ. ಹುಡುಗರೆಂದುಕೊಳ್ಳಬೇಡಿ, ಅನೇಕರು ನಲವತ್ತರ ಮಗ್ಗುಲಿನ ಗೃಹಸ್ಥರು. ಕೆಲವರ ಗಡ್ಡದಲ್ಲಿ ಬೆಳ್ಳಿಗೆರೆಯೂ ಉಂಟು.

ಈ ಮೆರವಣಿಗೆಯಲ್ಲಿ ನಮ್ಮ ತಂಗಿಯ ಯಜಮಾನರೂ ಒಬ್ಬರು. ಹೆಸರು ಹಾಕಕೂಡದೆಂಬುದು ಅವರ ಕಟ್ಟಪ್ಪಣೆಯಾದ್ದರಿಂದ ಇಲ್ಲಿ ಅವರನ್ನು ಭಾವಮೈದುನ ಎಂದೇ ಕರೆಯುತ್ತೇನೆ. ಅವರಿಗೆ ಹವ್ಯಾಸಗಳು ಎರಡು. ಒಂದು, ಧರ್ಮಕಾರ್ಯಕ್ಕೆ ಹಣ ಕೂಡಿಸಲು ಸೈಕಲ್ ತುಳಿಯುವುದು. ಇನ್ನೊಂದು, ಒಂದೆರಡು ಸೇವಾಸಂಸ್ಥೆಗಳ ಕಂಪ್ಯೂಟರ್ ಸರ್ವರುಗಳನ್ನು ಸಂಬಳವಿಲ್ಲದೆ ನೋಡಿಕೊಳ್ಳುವುದು. ಎರಡರಿಂದಲೂ ಮನೆಗೆ ಬಿಡಿಗಾಸಿನ ಆದಾಯವಿಲ್ಲ.

“ಅಣ್ಣ, ಒಂದು ಹವ್ಯಾಸ ಅವರ ರಾತ್ರಿ ನಿದ್ದೆ ಕೆಡಿಸುತ್ತೆ, ಇನ್ನೊಂದು ಬೆಳಗಿನ ನಿದ್ದೆ ಕೆಡಿಸುತ್ತೆ. ಎರಡಕ್ಕೂ ಕಾಫಿ ಮಾಡೋಳು ನಾನು” ಎಂದು ತಂಗಿ ಒಮ್ಮೆ ನನ್ನೊಡನೆ ಹೇಳಿದಳು. ಆ ಮಾತಿನಲ್ಲಿ ಅರ್ಧ ಹಾಸ್ಯ, ಅರ್ಧ ನಿಜ. ಆ ನಿಜದ ಅರ್ಧವೇ ಈ ಲೇಖನಕ್ಕೆ ಕಾರಣ.

ಹಳೆಯ ರಸ್ತೆ, ಹಳೆಯ ವಾಹನ

ಈ ರಸ್ತೆಗೆ ಸೈಕಲ್ಲು ಹೊಸದೇನಲ್ಲ. ೧೮೦೯ರಲ್ಲಿ ಬ್ರಿಟಿಷರು ಹಲಸೂರಿನ ಮಗ್ಗುಲಲ್ಲಿ ದಂಡಿನ ಪ್ರದೇಶವನ್ನು ಸ್ಥಾಪಿಸಿದಂದಿನಿಂದ ಪೇಟೆಯದು ಒಂದು ಊರು, ದಂಡಿನದು ಇನ್ನೊಂದು ಊರು ಎಂಬಂತೆ ಬೆಂಗಳೂರು ಬೆಳೆಯಿತು. ಪೂರ್ವಕ್ಕೆ ಕಾರ್ಖಾನೆಗಳು ಬಂದದ್ದು ಬಹಳ ತಡವಾಗಿ. ೧೯೪೦ರಲ್ಲಿ ವಿಮಾನ ಕಾರ್ಖಾನೆ. ೧೯೪೮ರಲ್ಲಿ ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ ಟೆಲಿಫೋನ್ ಕಾರ್ಖಾನೆ. ಸ್ವತಂತ್ರ ಭಾರತದ ಮೊದಲ ಸರ್ಕಾರಿ ಉದ್ಯಮವೆಂಬ ಹೆಗ್ಗಳಿಕೆ ಈ ಎರಡನೆಯದಕ್ಕೆ. ಕ್ಯಾರಿಯರಿಗೆ ಊಟದ ಡಬ್ಬಿ ಕಟ್ಟಿಕೊಂಡು, ಪಾಳಿಯ ಹೊತ್ತಿಗೆ ಸರಿಯಾಗಿ ಸೈಕಲ್ ತುಳಿದುಕೊಂಡು ಬರುತ್ತಿದ್ದ ಕಾರ್ಮಿಕರ ಸಾಲನ್ನು ನಮ್ಮ ಹಿರಿಯರು ಇಂದಿಗೂ ವರ್ಣಿಸುತ್ತಾರೆ. ದೂರದವರನ್ನು ಮಾತನಾಡಿಸುವ ಯಂತ್ರವನ್ನು ತಯಾರಿಸುವವರು ಸೈಕಲ್ಲಿನಲ್ಲಿ ಬರುತ್ತಿದ್ದರೆಂಬುದು ಸ್ವಾರಸ್ಯದ ಸಂಗತಿ. ಅಂದು ಅದು ಹವ್ಯಾಸವಲ್ಲ, ಅನ್ನದ ದಾರಿ.

ತರುವಾಯ ಸ್ಕೂಟರು ಬಂದಿತು, ಕಾರು ಬಂದಿತು. ೨೦೦೩ರಲ್ಲಿ ಕೃಷ್ಣರಾಜಪುರದ ತೂಗುಸೇತುವೆಯಾಯಿತು. ೨೦೨೩ರ ಅಕ್ಟೋಬರಿನಲ್ಲಿ ಮೆಟ್ರೋ ಬೈಯಪ್ಪನಹಳ್ಳಿಯಿಂದ ಕೃಷ್ಣರಾಜಪುರವನ್ನು ಮುಟ್ಟಿತು. ಸೈಕಲ್ಲಿಗೆ ಮಾತ್ರ ರಸ್ತೆಯಲ್ಲಿ ಜಾಗ ಕಿರಿದಾಗುತ್ತ ಹೋಯಿತು. ೨೦೨೦ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬಗಳನ್ನು ನೆಟ್ಟು ಸೈಕಲ್ಲಿಗೆಂದೇ ಒಂದು ಪಟ್ಟಿಯನ್ನು ಬಿಡಿಸಿದ್ದರು, ಅದೂ ಬಾಳಲಿಲ್ಲ. ಆದುದರಿಂದಲೇ ಸವಾರರು ಊರು ಏಳುವ ಮೊದಲು ಹೊರಡುತ್ತಾರೆ.

ಅಡುಗೆಮನೆಯ ಕೆಲಸ

ಸರ್ವರೆಂದರೇನೆಂದು ನಮ್ಮ ತಾಯಿ ಕೇಳಿದಾಗ ಭಾವಮೈದುನ ಕೊಟ್ಟ ಉತ್ತರ ನನಗೆ ಇಂದಿಗೂ ಮೆಚ್ಚಿಕೆ. “ಅತ್ತೆ, ಅದು ಮದುವೆಮನೆಯ ಅಡುಗೆಮನೆ ಇದ್ದ ಹಾಗೆ. ಪಂಕ್ತಿಯಲ್ಲಿ ಕೂತವರಿಗೆ ಕಾಣೋಲ್ಲ. ಸಾರು ಹೊತ್ತಿಗೆ ಬಂದರೆ ಅಡುಗೆಯವರನ್ನು ಯಾರೂ ನೆನೆಯೋಲ್ಲ. ತಡವಾದರೆ ಎಲ್ಲರೂ ನೆನೆಯುತ್ತಾರೆ.” ಎಲ್ಲೋ ತಣ್ಣನೆಯ ಕೋಣೆಯಲ್ಲಿ ಹಗಲಿರುಳು ಉರಿಯುತ್ತಿರುವ ಕಂಪ್ಯೂಟರು ಅದು. ನಾವು ಕೈಯಲ್ಲಿರುವ ಫೋನಿನಿಂದ ಕೇಳಿದ್ದನ್ನು ಅದು ಬಡಿಸುತ್ತದೆ.

ಈ ಅಡುಗೆಮನೆಗಳ ಬಹುಪಾಲು ನಡೆಯುವುದು ಮುಕ್ತ ತಂತ್ರಾಂಶದಿಂದ. ಎಂದರೆ, ಅಡುಗೆಯ ವಿಧಾನವನ್ನು ಬರೆದವರು ಅದನ್ನು ಬಚ್ಚಿಡದೆ, ಯಾರು ಬೇಕಾದರೂ ಓದಲಿ, ತಿದ್ದಲಿ, ಹಂಚಲಿ ಎಂದು ಬಿಟ್ಟುಕೊಟ್ಟಿರುತ್ತಾರೆ. ೧೯೮೩ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬುವರು ಇಂಥದೊಂದು ವ್ಯವಸ್ಥೆಯನ್ನು ಕಟ್ಟುವುದಾಗಿ ಸಾರಿದರು. ೧೯೯೧ರ ಆಗಸ್ಟ್ ತಿಂಗಳಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್, ತಾನೂ ಒಂದು ಕಾರ್ಯವ್ಯವಸ್ಥೆಯನ್ನು ಬರೆಯುತ್ತಿರುವುದಾಗಿ ಜೊತೆಯವರಿಗೆ ತಿಳಿಸಿದ. ಅದು ಬರಿಯ ಹವ್ಯಾಸ, ದೊಡ್ಡದೇನೂ ಆಗಲಾರದು ಎಂದು ಅವನೇ ಬರೆದಿದ್ದ. ಲಿನಕ್ಸ್ ಎಂದು ಹೆಸರಾದುದು ಆ ಹವ್ಯಾಸವೇ. ೨೦೧೭ರ ನವೆಂಬರಿನಿಂದ ಈಚೆಗೆ ಜಗತ್ತಿನ ಅತಿ ವೇಗದ ೫೦೦ ಕಂಪ್ಯೂಟರುಗಳ ಪಟ್ಟಿಯಲ್ಲಿರುವವೆಲ್ಲವೂ ಅದರಿಂದಲೇ ನಡೆಯುತ್ತಿವೆ. ೨೦೦೩ರಲ್ಲಿ ಆರಂಭವಾದ ನಮ್ಮ ಕನ್ನಡ ವಿಕಿಪೀಡಿಯವನ್ನು ತೆರೆದು ಓದುವಾಗಲೂ ನಾವು ಉಣ್ಣುವುದು ಇದೇ ಅಡುಗೆಮನೆಯ ಅನ್ನವನ್ನೇ.

ಬೆಂಗಳೂರಿಗೆ ಈ ಹುಚ್ಚು ಬೇಗ ಹಿಡಿಯಿತು. ೨೦೦೧ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಸಮ್ಮೇಳನ ಮೊದಲಾಯಿತು. ಮುಂದೆ ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿಕೊಂಡು ೨೦೧೨ರವರೆಗೆ ನಡೆಯಿತು. ಅದನ್ನು ನಡೆಸಿದವರು ಸ್ವಯಂಸೇವಕರು. ಸರ್ವರು ಕಾಯುವವರಿಗೆಂದೇ ೨೦೧೨ರಲ್ಲಿ ‘ರೂಟ್‌ಕಾನ್ಫ್’ ಎಂಬ ಇನ್ನೊಂದು ಸಮ್ಮೇಳನ ಇದೇ ಊರಿನಲ್ಲಿ ಹುಟ್ಟಿತು. ಇಂದಿರಾನಗರ, ದೊಮ್ಮಲೂರುಗಳ ಮನೆಗಳ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ಹತ್ತಿಪ್ಪತ್ತು ಜನ ಸೇರಿ, ಒಬ್ಬರ ಗಂಟನ್ನು ಇನ್ನೊಬ್ಬರು ಬಿಡಿಸುವುದು ಅಷ್ಟೇನೂ ಅಪರೂಪವಲ್ಲ.

ಸರ್ವರಿಗೂ ಸೈಕಲ್ಲಿಗೂ ಒಂದು ಪದ ಸಾಮಾನ್ಯವಾಗಿದೆಯೆಂಬುದನ್ನು ನಾನು ಇತ್ತೀಚೆಗೆ ಗಮನಿಸಿದೆ. ಅದು ‘ಪ್ಯಾಚು’. ಶಿವಾಜಿನಗರದ ಗಲ್ಲಿಯ ಸೈಕಲ್ ಅಂಗಡಿಯಲ್ಲಿ ಟ್ಯೂಬನ್ನು ಉಜ್ಜಿ, ಸೊಲ್ಯೂಶನ್ ಬಳಿದು ಹಚ್ಚುವ ರಬ್ಬರಿನ ತುಂಡಿಗೂ ಪ್ಯಾಚೆಂದು ಹೆಸರು. ತಂತ್ರಾಂಶದ ತಪ್ಪನ್ನು ಮುಚ್ಚುವ ತಿದ್ದುಪಡಿಗೂ ಅದೇ ಹೆಸರು. ಇದು ಆಕಸ್ಮಿಕವೂ ಅಲ್ಲ. ಹಿಂದಿನ ಕಂಪ್ಯೂಟರುಗಳಿಗೆ ತೂತು ಕೊರೆದ ಕಾಗದದ ಪಟ್ಟಿಯಲ್ಲಿ ಆಜ್ಞೆಗಳನ್ನು ಕೊಡುತ್ತಿದ್ದರು. ತಪ್ಪು ತೂತು ಬಿದ್ದರೆ ಮೇಲೊಂದು ಕಾಗದದ ತುಂಡನ್ನು ನಿಜವಾಗಿಯೇ ಅಂಟಿಸುತ್ತಿದ್ದರು! ೧೯೯೫ರಲ್ಲಿ ಕೆಲವರು ಹಳೆಯದೊಂದು ವೆಬ್ ಸರ್ವರಿಗೆ ಇಂಥ ಪ್ಯಾಚುಗಳನ್ನು ಕೂಡಿಸುತ್ತ ‘ಅಪಾಚೆ’ ಎಂಬುದನ್ನು ಮಾಡಿದರು. ಪ್ಯಾಚುಮಯವಾದ್ದರಿಂದ ಆ ಹೆಸರೆಂಬ ಶ್ಲೇಷೆ ಪ್ರಚಾರದಲ್ಲಿದೆ. ಅಮೆರಿಕದ ಮೂಲನಿವಾಸಿಗಳ ಮೇಲಿನ ಗೌರವದಿಂದ ಇಟ್ಟದ್ದೆಂದೂ ಹೇಳುತ್ತಾರೆ.

ಸೈಕಲ್ಲು ಈ ಜನರ ಮಾತಿನೊಳಕ್ಕೆ ಇನ್ನೊಂದು ಬಾಗಿಲಿನಿಂದಲೂ ಬಂದಿದೆ. ೧೯೫೭ರಲ್ಲಿ ಪಾರ್ಕಿನ್ಸನ್ ಎಂಬ ಆಂಗ್ಲ ಲೇಖಕ ಸಮಿತಿಗಳನ್ನು ಲೇವಡಿ ಮಾಡಿ ಒಂದು ಪುಸ್ತಕ ಬರೆದ. ಕೋಟಿಗಟ್ಟಲೆ ಹಣದ ಅಣುಸ್ಥಾವರಕ್ಕೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಡುವ ಸಮಿತಿ, ಗುಮಾಸ್ತರ ಸೈಕಲ್ ನಿಲ್ಲಿಸುವ ಚಪ್ಪರದ ಬಗ್ಗೆ ಮುಕ್ಕಾಲು ಗಂಟೆ ಕಿತ್ತಾಡುತ್ತದೆಂದು ಅದರಲ್ಲೊಂದು ಪ್ರಸಂಗವಿದೆ. ೧೯೯೯ರಲ್ಲಿ ಫ್ರೀಬಿಎಸ್‌ಡಿ ಎಂಬ ಮುಕ್ತ ವ್ಯವಸ್ಥೆಯ ಕರ್ತೃಗಳಲ್ಲೊಬ್ಬರು ತಮ್ಮವರ ಕ್ಷುಲ್ಲಕ ವಾದಗಳಿಗೆ ಬೇಸತ್ತು ಆ ಚಪ್ಪರವನ್ನೇ ನೆನಪಿಸಿದರು. ಅಂದಿನಿಂದ ಹುರುಳಿಲ್ಲದ ಚರ್ಚೆಗೆ ಆ ವಲಯದಲ್ಲಿ ಸೈಕಲ್ ಚಪ್ಪರವೆಂದೇ ಹೆಸರು. ನಮ್ಮ ಬಡಾವಣೆಯ ಸಂಘದ ಸಭೆಗೆ ಹೋಗಿಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತುಳಿದರೆ ಬರುವ ಪುಣ್ಯ

ಇನ್ನು ಧರ್ಮಾರ್ಥದ ಸವಾರಿ. ಇದರ ಪದ್ಧತಿ ಸರಳ. ಸವಾರನು ಇಂಥ ದಿನ ಇಷ್ಟು ದೂರ ತುಳಿಯುತ್ತೇನೆಂದು ಸಾರುತ್ತಾನೆ. ನೆಂಟರಿಷ್ಟರು, ಕಚೇರಿಯವರು ಕಿಲೋಮೀಟರಿಗೆ ಇಷ್ಟು ರೂಪಾಯಿಯೆಂದು ಮಾತು ಕೊಡುತ್ತಾರೆ. ಹಣ ಸವಾರನ ಕೈ ಸೋಕದೆ ಸಂಸ್ಥೆಗೆ ನೇರವಾಗಿ ಹೋಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ೧೯೮೦ರಲ್ಲಿ ೩೬ ಜನ ಕ್ಯಾನ್ಸರ್ ಚಿಕಿತ್ಸೆಗೆಂದು ಹೀಗೆ ಹೊರಟು ಸುಮಾರು ಹತ್ತು ಸಾವಿರ ಡಾಲರ್ ಕೂಡಿಸಿದರು. ಆ ಸವಾರಿ ಇಂದಿಗೂ ನಡೆಯುತ್ತಿದೆ. ಅದರಿಂದ ಒಟ್ಟು ಕೂಡಿದ ಹಣ ಈಗ ನೂರು ಕೋಟಿ ಡಾಲರನ್ನು ಮೀರಿದೆ. ನಮ್ಮಲ್ಲಿ ೨೦೦೮ರಿಂದ ನಡೆದುಬಂದ ‘ಟೂರ್ ಆಫ್ ನೀಲಗಿರೀಸ್’ ಹೆಸರಾದದ್ದು. ಮೂರು ರಾಜ್ಯಗಳ ಘಟ್ಟಗಳನ್ನು ಸುತ್ತುವ ಈ ಬಹುದಿನದ ಪ್ರವಾಸದಲ್ಲಿ ಧರ್ಮಕಾರ್ಯಕ್ಕೆಂದೇ ತುಳಿಯುವ ಸವಾರರೂ ಇರುತ್ತಾರೆ. ಮಸಿನಗುಡಿಯಿಂದ ಊಟಿಗೆ ಏರುವ ಕಲ್ಲಟ್ಟಿ ಘಟ್ಟದ ೩೬ ತಿರುವುಗಳನ್ನು ಸೈಕಲ್ಲಿನಲ್ಲಿ ಹತ್ತಿದವರು ಆ ಮಾತನ್ನು ಜೀವಮಾನವೆಲ್ಲ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಲಿ.

ನನಗೊಂದು ಸಂಶಯವಿತ್ತು. ದಾನ ಕೊಡುವವರು ಸುಮ್ಮನೆ ಕೊಡಬಾರದೆ? ಇವರು ತುಳಿದರೇನು, ಬಿಟ್ಟರೇನು? ಕೇಳಿದಾಗ ಭಾವಮೈದುನ ನಕ್ಕು, “ಭಾವ, ತಿರುಪತಿಗೆ ಬಸ್ಸಿದ್ದರೂ ಹರಕೆ ಹೊತ್ತವರು ನಡೆದು ಹೋಗೋಲ್ಲವೆ? ಬರಿಗೈಯಲ್ಲಿ ಹಣ ಕೇಳೋಕೆ ನನಗೆ ನಾಚಿಕೆ. ಸ್ವಲ್ಪ ಬೆವರು ಸುರಿಸಿದರೆ ಕೇಳೋಕೆ ಬಾಯಿ ಬರುತ್ತೆ” ಎಂದರು. ನನಗೆ ಸಮಾಧಾನವಾಯಿತು. ಪೂರ್ತಿಯಾಗಿ ಅಲ್ಲ, ಆ ಬೆವರಿನ ಬಟ್ಟೆಗಳನ್ನು ಒಗೆಯುವವರು ಯಾರೆಂಬುದು ನನಗೆ ಗೊತ್ತಿತ್ತು.

ದಣಿದ ಕಾವಲುಗಾರರು

ಇಷ್ಟು ಹೊತ್ತು ಹೊಗಳಿದ್ದಾಯಿತು. ಕೂಲಿಯಿಲ್ಲದ ಕಾವಲಿಗೆ ಒಂದು ಅಪಾಯವೂ ಉಂಟು. ೨೦೧೪ರ ಏಪ್ರಿಲಿನಲ್ಲಿ ‘ಓಪನ್ ಎಸ್‌ಎಸ್‌ಎಲ್’ ಎಂಬ ತಂತ್ರಾಂಶದಲ್ಲಿ ದೊಡ್ಡದೊಂದು ತೂತು ಬಯಲಾಯಿತು. ಬ್ಯಾಂಕು, ಅಂಗಡಿ, ಅಂಚೆಯೆನ್ನದೆ ಜಗತ್ತಿನ ಲಕ್ಷಾಂತರ ಸರ್ವರುಗಳ ಗುಟ್ಟನ್ನು ಕಾಯುತ್ತಿದ್ದ ಬೀಗ ಅದು. ಎರಡು ವರ್ಷ ಆ ತೂತು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ವಿಚಾರಿಸಿದರೆ, ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ. ಅದಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು ಎರಡು ಸಾವಿರ ಡಾಲರ್. ದೊಡ್ಡ ಕಂಪನಿಗಳು ಕೈ ಬಿಚ್ಚಿದ್ದು ಅನಾಹುತ ಆದ ಮೇಲೆ.

ಹತ್ತು ವರ್ಷಗಳ ತರುವಾಯ, ೨೦೨೪ರ ಮಾರ್ಚಿನಲ್ಲಿ, ಇನ್ನೂ ಗಂಭೀರವಾದುದೊಂದು ನಡೆಯಿತು. ಎಕ್ಸ್‌ಜೆಡ್ ಎಂಬ ಸಣ್ಣ ತಂತ್ರಾಂಶವನ್ನು ಬಹುಕಾಲದಿಂದ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ಅವರು ದಣಿದಿದ್ದರು, ಹಾಗೆಂದು ಹೇಳಿಯೂ ಇದ್ದರು. ಆಗ ಯಾರೋ ಅಪರಿಚಿತ ನೆರವಿಗೆ ಬಂದ. ಎರಡು ವರ್ಷಕ್ಕೂ ಮಿಕ್ಕಿ ನಯವಾಗಿ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ಅದರೊಳಗೊಂದು ಕಳ್ಳಬಾಗಿಲನ್ನು ಇಟ್ಟ. ಅದು ಸರ್ವರುಗಳಿಗೆ ವ್ಯಾಪಕವಾಗಿ ಹರಡುವ ಮೊದಲೇ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು ಕಂಡುಹಿಡಿದರು. ಹೇಗೆಂದರೆ, ಯಂತ್ರದೊಳಕ್ಕೆ ಪ್ರವೇಶಿಸಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದೇಕೆಂದು ಅವರಿಗೆ ಅನುಮಾನ ಬಂದಿತು, ಅಷ್ಟೇ. ಚೈನಿನ ಸದ್ದು ಕೊಂಚ ಬದಲಾದರೆ ಇಳಿದು ನೋಡುವ ಸವಾರನ ಸ್ವಭಾವವಿದು.

ನಮ್ಮ ಭಾವಮೈದುನನ ಜಗತ್ತು ಇಷ್ಟು ದೊಡ್ಡದಲ್ಲ. ಆದರೆ ಅವರ ಪಾಲಿಗೂ ಒಂದು ರಾತ್ರಿ ಬಂದಿತು.

ಒಂದು ಶನಿವಾರ ರಾತ್ರಿ

೨೦೧೮ರ ಮಾತು. ಮರುದಿನ ಕೋಲಾರಕ್ಕೆ ಹೋಗಿ ಬರುವ ಸುಮಾರು ೧೩೦ ಕಿಲೋಮೀಟರಿನ ಸವಾರಿ. ಮಾತು ಕೊಟ್ಟವರು ಮೂವತ್ತಕ್ಕೆ ಮೇಲ್ಪಟ್ಟು. ಕಿಲೋಮೀಟರಿಗೆ ಹತ್ತು ರೂಪಾಯಿಯಂತೆ ನಾನೂ ಒಬ್ಬ. ಹಣ ಸೇರಬೇಕಾದದ್ದು, ಗುಣವಾಗದ ಕಾಯಿಲೆಯವರ ಮನೆಗೇ ಹೋಗಿ ಶುಶ್ರೂಷೆ ಮಾಡುವ ಒಂದು ಸಂಸ್ಥೆಗೆ. ಇಂಥ ಸೇವೆಗೆ ಪೂರ್ವ ಬೆಂಗಳೂರಿನಲ್ಲಿ ಮೇಲ್ಪಂಕ್ತಿಯುಂಟು. ಭಾರತೀಯ ಕ್ಯಾನ್ಸರ್ ಸೊಸೈಟಿಯೂ ಇಂದಿರಾನಗರದ ರೋಟರಿ ಕ್ಲಬ್ಬೂ ಕೂಡಿ ೧೯೯೪ರಲ್ಲಿ ಸ್ಥಾಪಿಸಿದ ಟ್ರಸ್ಟಿನ ‘ಕರುಣಾಶ್ರಯ’ವು ಮಾರತಹಳ್ಳಿಯ ಬಳಿ ೧೯೯೯ರಿಂದ ಕ್ಯಾನ್ಸರಿನ ಕೊನೆಯ ಹಂತದವರನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ನಾನು ಹೇಳುತ್ತಿರುವುದು ಅದಲ್ಲ. ನಾಲ್ಕೈದು ಜನ ನರ್ಸುಗಳ, ಒಂದೇ ಕೋಣೆಯ ಕಚೇರಿಯ ಬಲು ಚಿಕ್ಕ ಸಂಸ್ಥೆ. ಸೋಮವಾರ ಯಾವ ನರ್ಸು ಯಾವ ಮನೆಗೆ ಹೋಗಬೇಕು, ಯಾರಿಗೆ ನೋವಿನ ಔಷಧ ಎಷ್ಟು, ಬಾಗಿಲು ತೆರೆಯುವವರ ಫೋನ್ ಯಾವುದು ಎಂಬುದೆಲ್ಲ ಭಾವಮೈದುನ ಕಾಯುತ್ತಿದ್ದ ಸರ್ವರಿನಲ್ಲಿತ್ತು.

ರಾತ್ರಿ ಹತ್ತೂವರೆಗೆ ಆ ಸರ್ವರು ನಿಂತಿತು. ಡಿಸ್ಕು ಕೆಟ್ಟಿತ್ತು. ಅವರೇನೂ ಗಾಬರಿಯಾಗಲಿಲ್ಲ, ಪ್ರತಿ ರಾತ್ರಿ ಎರಡು ಗಂಟೆಗೆ ಎಲ್ಲವನ್ನೂ ನಕಲು ತೆಗೆದು ಬೇರೊಂದು ಯಂತ್ರಕ್ಕೆ ಕಳಿಸುವ ಏರ್ಪಾಡನ್ನು ಅವರೇ ಮಾಡಿದ್ದರು. ಕೆಲಸ ಮುಗಿಯಿತೆಂಬ ಓಲೆಯೂ ಪ್ರತಿದಿನ ತಪ್ಪದೆ ಬರುತ್ತಿತ್ತು. ಆ ನಕಲನ್ನು ತೆರೆದರು. ಒಳಗೆ ಏನೂ ಇರಲಿಲ್ಲ. ನಾಲ್ಕು ತಿಂಗಳ ಹಿಂದೆ ಮಾಹಿತಿಯನ್ನು ಅವರು ಹೊಸ ಜಾಗಕ್ಕೆ ಸರಿಸಿದ್ದರು. ನಕಲು ತೆಗೆಯುವ ಆಜ್ಞೆಗೆ ಹೊಸ ವಿಳಾಸವನ್ನು ತಿಳಿಸಲು ಮರೆತಿದ್ದರು. ಆ ಯಂತ್ರವು ನಾಲ್ಕು ತಿಂಗಳ 동ಕ ಖಾಲಿ ಕೋಣೆಯೊಂದನ್ನು ನಿಷ್ಠೆಯಿಂದ ನಕಲು ಮಾಡಿ, ಎಲ್ಲವೂ ಕ್ಷೇಮವೆಂದು ವರದಿ ಒಪ್ಪಿಸುತ್ತಿತ್ತು.

ಬೆಳಗಿನ ಜಾವ ನಾಲ್ಕಕ್ಕೆ ತಂಗಿ ಎದ್ದಾಗ ಅವರು ಮೇಜಿನ ಮುಂದೆ ತಲೆ ಹಿಡಿದು ಕುಳಿತಿದ್ದರಂತೆ. ಅವಳೇ ಕೇಳಿದಳು: “ಆ ಕಚೇರಿಯ ಅಮ್ಮ ಏನೋ ಪುಸ್ತಕ ಬರೀತಾರೆ ಅಂತ ನೀವು ನಗ್ತಿದ್ರಲ್ಲ, ಅದು ಏನಾಯಿತು?”

ಸಂಸ್ಥೆಯ ಲೆಕ್ಕಪತ್ರ ನೋಡುವ ಹಿರಿಯ ಮಹಿಳೆಯೊಬ್ಬರು ಎಲ್ಲವನ್ನೂ ಉದ್ದನೆಯದೊಂದು ನೋಟ್‌ಬುಕ್ಕಿನಲ್ಲಿ ಕೈಬರಹದಲ್ಲಿ ಬರೆದಿಡುತ್ತಿದ್ದರು. ಸರ್ವರಿನಲ್ಲಿ ಇರುವಾಗ ಇದೇಕೆಂದು ಭಾವಮೈದುನ ಹಿಂದೊಮ್ಮೆ ಕೇಳಿದ್ದಕ್ಕೆ, “ಇರಲಿ ಬಿಡಿ ಸಾರ್, ಕೈಗೆ ಅಭ್ಯಾಸ” ಎಂದು ಸುಮ್ಮನಾಗಿದ್ದರು. ಕೋಲಾರಕ್ಕೆಂದು ಸಿದ್ಧವಾಗಿದ್ದ ಸೈಕಲ್ಲು ಅಂದು ಕೃಷ್ಣರಾಜಪುರದಲ್ಲಿ ಆಕೆಯ ಮನೆಯ ಮುಂದೆ ನಿಂತಿತು. ಆಕೆ ಪುಸ್ತಕವನ್ನು ಕೈಬಿಡಲು ಒಪ್ಪಲಿಲ್ಲ. “ರೋಗಿಗಳ ವಿಷಯ, ಹಾಗೆಲ್ಲ ಕೊಡೋಕಾಗೋಲ್ಲ” ಎಂದು ತಾವೇ ಆಟೋ ಹತ್ತಿ ಪುಸ್ತಕ ಸಮೇತ ಹಲಸೂರಿಗೆ ಬಂದರು. ಸರ್ವರು ಕಾಯುವವರು ಕಲಿಯಬೇಕಾದ ಎಚ್ಚರಿಕೆ ಇದು.

ಆಕೆಯ ಕಣ್ಣು ಮಂಜು. ಆದ್ದರಿಂದ ಮೇಲ್ವಿಚಾರಣೆ ಆಕೆಯದು, ಓದುವ ಕೆಲಸ ತಂಗಿಯದು, ಹೊಸ ಡಿಸ್ಕಿಗೆ ಸೇರಿಸುವ ಕೆಲಸ ಭಾವಮೈದುನನದು. ಬೆಳಗಿನ ಎಂಟಕ್ಕೆ ಕುಳಿತವರು ಎದ್ದದ್ದು ರಾತ್ರಿ ಒಂಬತ್ತಕ್ಕೆ. ಶಿವಾಜಿನಗರದ ಒಂದು ಗಲ್ಲಿ, ಇಂದಿರಾನಗರದ ಒಂದು ಮಹಡಿ ಮನೆ, ದೂರವಾಣಿನಗರದ ಒಂದು ಕ್ವಾರ್ಟರ್ಸು. ವಿಳಾಸ, ಔಷಧ, ಹೊತ್ತು. ಕೆಲವು ಸಾಲುಗಳ ಮೇಲೆ ಕೆಂಪು ಶಾಯಿಯ ಗೆರೆಯಿದ್ದು ಪಕ್ಕದಲ್ಲೊಂದು ತಾರೀಖಿತ್ತು. ಇದೇನೆಂದು ತಂಗಿ ಕೇಳಿದಳು. “ಅವು ಬೇಡಮ್ಮ, ಮುಂದಕ್ಕೆ ಓದು. ಅವರು ಹೋದರು” ಎಂದರು ಆಕೆ.

ಸೋಮವಾರ ಬೆಳಿಗ್ಗೆ ನರ್ಸುಗಳು ಎಂದಿನಂತೆ ಹೊರಟರು. ಯಾವ ಮನೆಯವರಿಗೂ ಏನೂ ತಿಳಿಯಲಿಲ್ಲ.

ಆ ವಾರ ತಂಗಿ ನನಗೆ ಫೋನ್ ಮಾಡಿದಳು. “ಅಣ್ಣ, ನಮ್ಮ ರಸ್ತೆಯಲ್ಲೇ ಎರಡು ಮನೆ ಇತ್ತು ಆ ಪುಸ್ತಕದಲ್ಲಿ. ಹಬ್ಬಕ್ಕೆ ಎಳ್ಳುಬೆಲ್ಲ ಕೊಟ್ಟು ಬರ್ತೀನಿ, ಒಳಗೆ ಒಬ್ಬರು ಮಲಗಿದಾರೆ ಅಂತ ನನಗೆ ಗೊತ್ತೇ ಇರಲಿಲ್ಲ.” ಮನೆಗಳ ಹೆಸರನ್ನು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಂಥ ಹವ್ಯಾಸಗಳ ಸಮ್ಮೇಳನಗಳಲ್ಲಿ ಶಾಲು ಹೊದಿಸುವುದಾದರೆ ಮನೆಯಲ್ಲಿರುವವರಿಗೂ ಒಂದು ಇರಲಿ ಎಂದು ನನಗೆ ಅಂದು ತೋರಿತು. ಬರಿಯ ಮಾತಿಗೆ ಹೇಳುತ್ತಿಲ್ಲ; ರಾತ್ರಿ ಎರಡು ಗಂಟೆಯ ಸಂಬಳವಿಲ್ಲದ ಕೆಲಸಕ್ಕೆ ಅರ್ಧ ಬೆಲೆ ತೆರುವವರು ಅವರೇ.

ಮುಂದಿನ ಭಾನುವಾರ ಭಾವಮೈದುನ ಒಬ್ಬರೇ ಕೋಲಾರಕ್ಕೆ ತುಳಿದರು. ಕೊಟ್ಟ ಮಾತು ಕೊಟ್ಟದ್ದೇ. ನನ್ನ ೧,೩೦೦ ರೂಪಾಯಿ ಸಂಸ್ಥೆಗೆ ಸಂದಾಯವಾಯಿತು. ಆದರೆ ನರಸಾಪುರದ ಬಳಿ ಹಿಂದಿನ ಗಾಲಿ ಪಂಕ್ಚರಾಗಿ, ಚೀಲದಲ್ಲಿದ್ದ ಹೆಚ್ಚುವರಿ ಟ್ಯೂಬನ್ನು ತೆಗೆದರೆ, ಎರಡು ವರ್ಷ ಮಡಿಸಿಟ್ಟಿದ್ದ ಅದು ಮಡಿಕೆಯಲ್ಲೇ ಸೀಳಿತ್ತಂತೆ! ರಸ್ತೆ ಬದಿಯ ಅಂಗಡಿಯಾತ ಪ್ಯಾಚು ಹಾಕಿ ಕಳಿಸಿದ.

ಅಂದಿನಿಂದ ಆ ಮನೆಯಲ್ಲಿ ಪ್ರತಿ ತಿಂಗಳ ಮೊದಲ ಶನಿವಾರ ಸಂಜೆ ಎರಡು ಕೆಲಸ ತಪ್ಪದೆ ನಡೆಯುತ್ತವೆ. ಭಾವಮೈದುನ ಸರ್ವರಿನ ನಕಲನ್ನು ಹಳೆಯದೊಂದು ಕಂಪ್ಯೂಟರಿನಲ್ಲಿ ಬಿಚ್ಚಿ, ಒಳಗೆ ಏನಿದೆಯೆಂದು ಕಣ್ಣಾರೆ ನೋಡುತ್ತಾರೆ. ತಂಗಿ ಹಿತ್ತಲಿನಲ್ಲಿ ಬಕೆಟ್ಟಿಗೆ ನೀರು ತುಂಬಿ, ಗಾಳಿ ಹಾಕಿದ ಟ್ಯೂಬನ್ನು ಮುಳುಗಿಸಿ ಗುಳ್ಳೆ ಬರುವುದೇ ಎಂದು ನೋಡುತ್ತಾಳೆ. ಕಳೆದ ತಿಂಗಳು ನಾನು ಹೋದಾಗಲೂ ಅದೇ ನಡೆದಿತ್ತು.

“ಇಲ್ಲಿ ಗುಳ್ಳೆ ಇಲ್ಲ. ನಿಮ್ಮ ಕಡೆ?” ಎಂದು ಅವಳು ಹಿತ್ತಲಿನಿಂದ ಕೂಗಿದಳು.

“ಇನ್ನೂ ಬಿಚ್ಚುತ್ತಿದೆ” ಎಂದು ಒಳಗಿನಿಂದ ಉತ್ತರ ಬಂದಿತು.

ಅಂದಿನ ಕಾಫಿಯನ್ನು ನಾನೇ ಮಾಡಿದೆ.